ಮೂರು ಗ್ರಾಂ ಎಣ್ಣೆ

ಪುಸ್ತಕದ ಬೆಲೆ ಒಂದೆರಡು ಕಾಸು. ಮೇಲುಹೊದಿಕೆಯ ಮೇಲೊಬ್ಬ ಪರದೇಶಿ: ತಲೆಗೆ ಮೂರು ಮೂಲೆಯ ಟೋಪಿ, ಮೈಗೆ ಅಗಲ ಅಂಚಿನ ಕೋಟು, ಕೈಯಲ್ಲಿ ಬೆತ್ತ. ಒಳಗೆ ಬರೀ ಚೀನೀ ಅಕ್ಷರ, ಹುಡುಕಿದರೂ ಒಂದು ಎ ಬಿ ಸಿ ಸಿಗದು. ಆದರೂ ಅದು ಇಂಗ್ಲಿಷ್ ಕಲಿಸುವ ಪುಸ್ತಕ. ವಿಲಿಯಂ ಹಂಟರ್ ಎಂಬ ಅಮೆರಿಕನ್ 1825ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ವ್ಯಾಪಾರದ ಕೆಲಸ ಕಲಿಯಲು ಕ್ಯಾಂಟನ್ ಬಂದರಿಗೆ ಬಂದಿಳಿದ. ಇಂದಿನ ಗ್ವಾಂಗ್‌ಝೌ ಅದು. 1882ರಲ್ಲಿ ಅಚ್ಚಾದ ತನ್ನ ನೆನಪುಗಳಲ್ಲಿ ಈ ಪುಟ್ಟ ಪುಸ್ತಕವನ್ನು ಮನೆಯಾಳುಗಳ, ಕೂಲಿಗಳ, ಅಂಗಡಿಕಾರರ ಕೈಯಲ್ಲಿ ಕಂಡದ್ದನ್ನು ಅವನು ಮೆಚ್ಚುಗೆಯಿಂದಲೇ ಬರೆದಿದ್ದಾನೆ. ಅದರ ಹೆಸರನ್ನು ಅವನು ‘ದೆವ್ವಗಳ ಮಾತು’ ಎಂದು ಅನುವಾದಿಸಿದ. ಕ್ಯಾಂಟನ್ನಿನ ಬೀದಿಯಲ್ಲಿ ಬಿಳಿಯರಿಗೆ ಅದೇ ಹೆಸರು. ಉಳಿದುಬಂದಿರುವ ಇಂಥ ಪುಸ್ತಕಗಳ ತಲೆಬರಹ ಕೊಂಚ ಸೌಮ್ಯ: ‘ಕೆಂಗೂದಲಿನ ಪರದೇಶಿಗಳ ಮಾತು’.

ಕಲಿಸುವ ಉಪಾಯ ಸರಳ. ಮೊದಲು ಚೀನೀ ಪದ. ಅದಕ್ಕಿರುವ ಇಂಗ್ಲಿಷ್ ಪದದ ಸದ್ದಿಗೆ ಹತ್ತಿರವಾದ ಒಂದೆರಡು ಚೀನೀ ಅಕ್ಷರಗಳು ಅದರ ಪಕ್ಕದಲ್ಲಿ. ಇಂಗ್ಲಿಷಿನ ‘ತ್ರೀ’ಗೆ ಕ್ಯಾಂಟನ್ನಿನ ನಾಲಗೆಯಲ್ಲಿ ಹತ್ತಿರದ ಸದ್ದು ‘ದೇಯ್-ಲೇಯ್’. ಆ ಸದ್ದಿಗೆಂದು ಬರೆದ ಎರಡು ಅಕ್ಷರಗಳಿಗೆ ಸೇರಿ ಭೂಗೋಳ ಎಂಬ ಅರ್ಥವೂ ಇದೆ. ಹೀಗಾಗಿ ಲೆಕ್ಕ ಕಲಿಯುವವನ ಕಣ್ಣಿಗೆ ಒಂದು, ಎರಡು ಆದ ಮೇಲೆ ಭೂಗೋಳ ಬರುತ್ತಿತ್ತು.

ನಮ್ಮ ಹಳ್ಳಿ ಶಾಲೆಯ ಮಕ್ಕಳು ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡು ಓದುವುದನ್ನು ಕಂಡವರಿಗೆ ಇದು ಹೊಸದಲ್ಲ. ವ್ಯತ್ಯಾಸ ಒಂದೇ. ಕನ್ನಡದ ‘ತ್ರೀ’ ಬರೀ ಸದ್ದು, ಅದಕ್ಕೆ ಬೇರೆ ಹೊರೆಯಿಲ್ಲ. ಚೀನೀ ಅಕ್ಷರ ಸದ್ದಿನ ಜೊತೆಗೆ ಅರ್ಥವನ್ನೂ ಬೆನ್ನ ಮೇಲೆ ಹೊತ್ತುಕೊಂಡೇ ಬರುತ್ತದೆ. ಅಲ್ಲಿನ ಮಕ್ಕಳು ಇವತ್ತಿಗೂ ತಮಾಷೆಗೆ ‘ಥ್ಯಾಂಕ್ ಯೂ’ ಎಂಬುದನ್ನು ‘ಸಾನ್ ಕ ಯೋ’ ಎಂದು ಬರೆಯುತ್ತಾರೆ. ಆ ಮೂರು ಅಕ್ಷರಗಳ ಅರ್ಥ, ಮೂರು ಗ್ರಾಂ ಎಣ್ಣೆ.

ಇಂಥ ಕಳ್ಳದಾರಿ ಯಾಕೆ ಬೇಕಾಯಿತು ಎಂದರೆ, ರಾಜಮಾರ್ಗ ಮುಚ್ಚಿತ್ತು. 1757ರಲ್ಲಿ ಚಿಯಾನ್‌ಲೊಂಗ್ ಚಕ್ರವರ್ತಿ ಪಾಶ್ಚಾತ್ಯರ ಹಡಗು ವ್ಯಾಪಾರವನ್ನೆಲ್ಲ ಕ್ಯಾಂಟನ್ ಒಂದಕ್ಕೇ ಕಟ್ಟಿಹಾಕಿದ. ಎರಡು ವರ್ಷದ ನಂತರ ಈಸ್ಟ್ ಇಂಡಿಯಾ ಕಂಪನಿಯ ಜೇಮ್ಸ್ ಫ್ಲಿಂಟ್ ಎಂಬ ದುಭಾಷಿ, ಚೀನೀ ಭಾಷೆಯಲ್ಲಿ ಬರೆಸಿದ ದೂರಿನ ಅರ್ಜಿ ಹಿಡಿದು ಉತ್ತರದ ತಿಯಾನ್‌ಜಿನ್ ತನಕ ಹಡಗಿನಲ್ಲಿ ಹೋದ. ಅರ್ಜಿ ಚಕ್ರವರ್ತಿಯ ಕೈ ಸೇರಿತು. ಫಲವಾಗಿ ಫ್ಲಿಂಟನಿಗೆ ಮೂರು ವರ್ಷ ಮಕಾವಿನಲ್ಲಿ ಸೆರೆವಾಸ, ಅರ್ಜಿಗೆ ನೆರವಾದ ಚೀನೀಯನಿಗೆ ಮರಣದಂಡನೆ. ಅಲ್ಲಿಂದ ಮುಂದೆ ಪರದೇಶಿಗೆ ಚೀನೀ ಕಲಿಸುವುದೆಂದರೆ ಕುತ್ತಿಗೆಯನ್ನು ಕತ್ತಿಗೆ ಕೊಟ್ಟಂತೆ. 1833ರಲ್ಲಿ ಬಂದ ಅಮೆರಿಕನ್ ಮಿಷನರಿ ಸ್ಯಾಮ್ಯುಯೆಲ್ ವೆಲ್ಸ್ ವಿಲಿಯಮ್ಸನ ಮೇಷ್ಟರು ಪಾಠಕ್ಕೆ ಬರುವಾಗ ಒಂದು ಪರದೇಶಿ ಪಾದರಕ್ಷೆ ತಂದು ಮೇಜಿನ ಮೇಲಿಡುತ್ತಿದ್ದರು. ಯಾರಾದರೂ ಒಳಗೆ ಬಂದರೆ ತಾನು ಜೋಡು ಹೊಲಿಯುವವನು ಎಂದು ತೋರಿಸಿಕೊಳ್ಳಲು.

ಅವರ ಭಾಷೆ ಇವರು ಕಲಿಯುವಂತಿಲ್ಲ. ಇವರ ಭಾಷೆ ಕಲಿಸಲು ಶಾಲೆಯಿಲ್ಲ. ಆದರೂ ಚಹಾ, ರೇಷ್ಮೆ, ಬೆಳ್ಳಿ ಕೈ ಬದಲಾಯಿಸಲೇಬೇಕು. ಆಗ ಬಂದರಿನಲ್ಲಿ ಹುಟ್ಟಿದ್ದು ಪಿಜಿನ್ ಇಂಗ್ಲಿಷ್. ‘ಬಿಸ್ನೆಸ್’ ಎಂಬ ಪದವೇ ಅಲ್ಲಿನ ಬಾಯಲ್ಲಿ ಸವೆದು ‘ಪಿಜಿನ್’ ಆಯಿತೆಂದು ಹೆಚ್ಚಿನವರ ಅಭಿಪ್ರಾಯ. ಪದಗಳು ಇಂಗ್ಲಿಷಿನವು, ಪೋಣಿಸುವ ದಾರ ಚೀನೀಯದು. ಕ್ರಿಯಾಪದಕ್ಕೆ ಕಾಲವಿಲ್ಲ, ನಾಮಪದಕ್ಕೆ ಬಹುವಚನವಿಲ್ಲ. ಚೀನೀಯಲ್ಲಿ ಎಣಿಸುವಾಗ ಸಂಖ್ಯೆಗೂ ವಸ್ತುವಿಗೂ ನಡುವೆ ಒಂದು ಪದ ಬೇಕೇ ಬೇಕು, ನಾವು ‘ಮೂರು ಜನ ಹುಡುಗರು’ ಅನ್ನುವಾಗಿನ ‘ಜನ’ದ ಹಾಗೆ. ಪಿಜಿನ್‌ನಲ್ಲಿ ಆ ಕೆಲಸವನ್ನೆಲ್ಲ ‘ಪೀಸ್’ ಮಾಡಿತು: ಮೂರು ಪೀಸ್ ಮನುಷ್ಯ, ಎರಡು ಪೀಸ್ ಕುರ್ಚಿ.

ಈ ಮಾತಿನ ಚೀಲ ಕೊಡವಿದರೆ ನಮ್ಮ ಪದಗಳೂ ಉದುರುತ್ತವೆ. ಕ್ಯಾಂಟನ್ನಿಗೆ ಬರುವ ಹಡಗುಗಳಲ್ಲಿ ಬಹುಪಾಲು ಮುಂಬಯಿ, ಮದ್ರಾಸು, ಕಲ್ಕತ್ತೆ ಹಾದೇ ಬರುತ್ತಿದ್ದವು. ಹತ್ತಿ, ಅಫೀಮಿನ ಜೊತೆಗೆ ಮೈಸೂರು ಸೀಮೆಯ ಗಂಧದ ಮರವೂ ಅಲ್ಲಿ ಇಳಿಯುತ್ತಿತ್ತು. ಸರಕಿನೊಂದಿಗೆ ಮಾತೂ ಇಳಿಯಿತು. ಸಾಲಕ್ಕೆ ಸಹಿ ಹಾಕಿಕೊಡುವ ತುಂಡು ಕಾಗದ ‘ಚಿಟ್’, ಅಂದರೆ ನಮ್ಮ ಚೀಟಿ. ಉಗ್ರಾಣ ‘ಗೋಡೌನ್’. ಬೆಳ್ಳಿ ನಾಣ್ಯ ತಟ್ಟಿ ಸಾಚಾತನ ನೋಡುವವನು ‘ಶ್ರಾಫ್’, ನಮ್ಮ ಶರಾಫ. ಹಾಂಗ್‌ಕಾಂಗಿನ ಕಾರ್ ಪಾರ್ಕಿಂಗ್‌ಗಳಲ್ಲಿ ಹಣ ಕಟ್ಟುವ ಕಿಂಡಿಯ ಮೇಲೆ ಇವತ್ತಿಗೂ ಆ ಬೋರ್ಡು ಕಾಣಸಿಗುತ್ತದೆ. ಚೀನೀ ಅಧಿಕಾರಿಯನ್ನು ಕರೆದ ‘ಮ್ಯಾಂಡರಿನ್’ ಎಂಬ ಪದವಂತೂ ಸಂಸ್ಕೃತದ ‘ಮಂತ್ರಿ’ ಮಲಯ್ ನಾಡಿಗೆ ಹೋಗಿ, ಪೋರ್ಚುಗೀಸರ ಬಾಯಿಗೆ ಬಿದ್ದು ಆದದ್ದು. ಇನ್ನು ‘ಕೂಲಿ’. ದಕ್ಷಿಣ ಭಾರತದ ಈ ದುಡಿಮೆಯ ಪದವನ್ನು ಚೀನೀಯರು ‘ಕು-ಲಿ’ ಎಂಬ ಎರಡು ಅಕ್ಷರಗಳಲ್ಲಿ ಬರೆದುಕೊಂಡರು. ಆ ಅಕ್ಷರಗಳ ಅರ್ಥ ಕಹಿ, ಬಲ. ಸದ್ದಿಗೆಂದು ಆರಿಸಿದ ಅಕ್ಷರ ಅರ್ಥವನ್ನೂ ಇಷ್ಟು ಕರಾರುವಾಕ್ಕಾಗಿ ಹಿಡಿದ ಉದಾಹರಣೆ ಇನ್ನೊಂದಿರಲಾರದು.

ವ್ಯಾಕರಣದ ಪುಸ್ತಕ ಬಂದದ್ದು ಮಿಷನರಿಗಳಿಂದ. 1807ರಲ್ಲಿ ಕ್ಯಾಂಟನ್ನಿಗೆ ಬಂದ ರಾಬರ್ಟ್ ಮಾರಿಸನ್, ಮಲಾಕ್ಕಾದಲ್ಲಿ 1818ರಲ್ಲಿ ಶುರುವಾದ ಆಂಗ್ಲೋ-ಚೈನೀಸ್ ಕಾಲೇಜಿಗಾಗಿ 1823ರಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಚೀನೀ ವಿದ್ಯಾರ್ಥಿಗಳಿಗೆಂದೇ ಮಾಡಿದ ಮೊದಲ ಇಂಗ್ಲಿಷ್ ವ್ಯಾಕರಣವೆಂದು ಅದಕ್ಕೆ ಹೆಸರು. 1839ರಲ್ಲಿ ಮಕಾವಿನಲ್ಲಿ ಸ್ಯಾಮ್ಯುಯೆಲ್ ಬ್ರೌನ್ ಎಂಬ ಯೇಲ್ ಪದವೀಧರ ಒಂದು ಶಾಲೆ ತೆರೆದ. ಬಂದ ಹುಡುಗರ ಹಿಂದಿನ ಓದೆಲ್ಲ ಬಾಯಿಪಾಠ. ಚೀನೀಯಲ್ಲಿ ಬಾಯಿಪಾಠಕ್ಕೆ ‘ಬೇಯ್’ ಎನ್ನುತ್ತಾರೆ, ಅಂದರೆ ಬೆನ್ನು. ಹುಡುಗ ಮೇಷ್ಟರ ಕಡೆ ಬೆನ್ನು ಮಾಡಿ ನಿಂತು, ಪುಸ್ತಕ ನೋಡದೆ ಪಾಠ ಒಪ್ಪಿಸುವುದು ಅಲ್ಲಿನ ಪದ್ಧತಿ. ಇಂಗ್ಲಿಷ್ ಪಾಠದ ರೀತಿ ಎಷ್ಟು ಬದಲಾದರೂ ಈ ಬೆನ್ನು ಮಾತ್ರ ಇಂದಿನವರೆಗೂ ತಿರುಗಿಲ್ಲ. ಬ್ರೌನನ ಹುಡುಗರಲ್ಲೊಬ್ಬನಾದ ಯುಂಗ್ ವಿಂಗ್ 1854ರಲ್ಲಿ ಯೇಲ್‌ನಿಂದ ಪದವಿ ಪಡೆದ ಮೊದಲ ಚೀನೀಯನಾದ. ಮುಂದೆ ಅವನ ಒತ್ತಾಸೆಯಿಂದಲೇ 1872ರಿಂದಾಚೆಗೆ 120 ಹುಡುಗರು ಸರ್ಕಾರಿ ಖರ್ಚಿನಲ್ಲಿ ಅಮೆರಿಕಕ್ಕೆ ಹೋದರು. ಬೇಸ್‌ಬಾಲ್ ಆಡುವುದನ್ನೂ ಕಲಿತರು. ಹುಡುಗರು ಕೈತಪ್ಪುತ್ತಿದ್ದಾರೆಂದು ಹೆದರಿದ ಆಸ್ಥಾನ 1881ರಲ್ಲಿ ಎಲ್ಲರನ್ನೂ ವಾಪಸು ಕರೆಸಿಕೊಂಡಿತು.

ಅತ್ತ ಬೀದಿಯ ಪುಸ್ತಕಗಳ ಕಥೆ ನಿಂತಿರಲಿಲ್ಲ. ಮೊದಲ ಅಫೀಮು ಯುದ್ಧದ ಸೋಲಿನ ನಂತರ, 1842ರ ಒಪ್ಪಂದದಿಂದ ಐದು ಬಂದರುಗಳು ತೆರೆದು, ವ್ಯಾಪಾರದ ಗದ್ದಲ ಶಾಂಘೈಗೆ ಸರಿಯಿತು. ಅಲ್ಲಿ ನೆರೆದವರಲ್ಲಿ ನಿಂಗ್ಬೋ ಊರಿನ ವರ್ತಕರು ಬಹಳ. ಕ್ಯಾಂಟನ್ನಿನ ಪುಸ್ತಕ ಅವರಿಗೆ ಉಪಯೋಗಕ್ಕೆ ಬಾರದು. ಒಂದೇ ಅಕ್ಷರವನ್ನು ಕ್ಯಾಂಟನ್ನಿನವನು ಒಂದು ಬಗೆಯಲ್ಲಿ, ನಿಂಗ್ಬೋದವನು ಇನ್ನೊಂದು ಬಗೆಯಲ್ಲಿ ಉಚ್ಚರಿಸುವುದರಿಂದ, ಅವನ ‘ತ್ರೀ’ ಇವನ ಬಾಯಲ್ಲಿ ಬೇರೇನೋ ಆಗಿಬಿಡುತ್ತದೆ. ಹಾಗಾಗಿ 1860ರಲ್ಲಿ ಫೆಂಗ್ ಝೆಫು ಮತ್ತು ಅವನ ಊರಿನ ಗೆಳೆಯರು ನಿಂಗ್ಬೋ ಉಚ್ಚಾರಣೆಯಲ್ಲಿ ಇಂಗ್ಲಿಷ್ ಬರೆದ ಪುಸ್ತಕವೊಂದನ್ನು ಹೊರಡಿಸಿದರು. ಎರಡೇ ವರ್ಷದಲ್ಲಿ ಕ್ಯಾಂಟನ್ ಸೀಮೆಯ ತಾಂಗ್ ಟಿಂಗ್‌ಶು, ಬ್ರೌನನ ಶಾಲೆಯಲ್ಲೇ ಓದಿದವನು, ಆರು ಸಂಪುಟಗಳ ಇಂಗ್ಲಿಷ್ ಬೋಧಿನಿಯನ್ನು ಕ್ಯಾಂಟನ್ ಉಚ್ಚಾರಣೆಯಲ್ಲಿ ಪ್ರಕಟಿಸಿದ. ಮುಂದೆ ಜಾರ್ಡಿನ್ ಮ್ಯಾಥೆಸನ್ ಕಂಪನಿಯ ದೊಡ್ಡ ದಲ್ಲಾಳಿಯಾಗಿ, ಗಣಿ, ಹಡಗು ಎಂದು ಬೆಳೆದ ಮನುಷ್ಯ ಇವನೇ.

ಪಂಡಿತರಿಗೆ ಇದೆಲ್ಲ ಅಸಹ್ಯ. ಶಾಂಘೈನ ಬ್ರಿಟಿಷ್, ಫ್ರೆಂಚ್ ವಸಾಹತುಗಳ ನಡುವೆ ಹರಿಯುತ್ತಿದ್ದ ಯಾಂಗ್‌ಜಿಂಗ್‌ಬಾಂಗ್ ಎಂಬ ಹಳ್ಳದ ಹೆಸರೇ ಹರಕು ಇಂಗ್ಲಿಷಿಗೆ ಅಂಟಿಕೊಂಡಿತು. ಹಳ್ಳವನ್ನು ಮೊದಲ ಮಹಾಯುದ್ಧದ ಹೊತ್ತಿಗೆ ಮುಚ್ಚಿ ರಸ್ತೆ ಮಾಡಿದರೂ ಬೈಗುಳ ಉಳಿದಿದೆ. ಸುಧಾರಣಾವಾದಿ ಫೆಂಗ್ ಗ್ವಿಫೆನ್ 1861ರಲ್ಲಿ ಬರೆಯುತ್ತ, ನಾಡಿನ ಹಣೆಬರಹವನ್ನು ಇಂಥ ಪೋಲಿ ದುಭಾಷಿಗಳ ಕೈಗೆ ಕೊಟ್ಟಿದ್ದೇವಲ್ಲ ಎಂಬ ಅರ್ಥದಲ್ಲಿ ಹಳಹಳಿಸಿದ. ಹಳಹಳಿಕೆಗೆ ಕಾರಣವಿತ್ತು. 1858ರ ತಿಯಾನ್‌ಜಿನ್ ಒಪ್ಪಂದದ ಪ್ರಕಾರ ಬ್ರಿಟಿಷರ ಸರ್ಕಾರಿ ಪತ್ರಗಳೆಲ್ಲ ಇನ್ನು ಇಂಗ್ಲಿಷಿನಲ್ಲೇ. ಸದ್ಯಕ್ಕೆ ಮಾತ್ರ ಜೊತೆಗೊಂದು ಚೀನೀ ಅನುವಾದ. ಅರ್ಥದಲ್ಲಿ ತಕರಾರು ಬಂದರೆ ಇಂಗ್ಲಿಷ್ ಪಾಠವೇ ಸರಿ. ಆಸ್ಥಾನದಲ್ಲಿ ಅದನ್ನು ಓದಬಲ್ಲವರೇ ಇರಲಿಲ್ಲ.

ಹೀಗೆ 1862ರಲ್ಲಿ ಬೀಜಿಂಗಿನಲ್ಲಿ ತೊಂಗ್‌ವೆನ್ ಗ್ವಾನ್ ಎಂಬ ಸರ್ಕಾರಿ ಭಾಷಾಶಾಲೆ ತೆರೆಯಿತು. ಮೊದಲ ತಂಡದಲ್ಲಿ ಹತ್ತೇ ಹುಡುಗರು, ಎಲ್ಲರೂ ಮಂಚು ಸೈನಿಕ ವ್ಯವಸ್ಥೆಗೆ ಸೇರಿದ ಮನೆಗಳವರು. ಒಳ್ಳೆಯ ಕುಲದವರು ಮಕ್ಕಳನ್ನು ಕಳಿಸಲು ಹಿಂಜರಿದರು. ಹುದ್ದೆಗೆ ದಾರಿ ಕನ್‌ಫ್ಯೂಷಿಯಸ್ ಗ್ರಂಥಗಳ ಪರೀಕ್ಷೆಯೇ ಹೊರತು ದೆವ್ವಗಳ ಮಾತಲ್ಲ. ಆ ಹತ್ತು ಜನರಲ್ಲೊಬ್ಬ, ಬಡಮನೆಯ ಝಾಂಗ್ ದೆಯಿ, ಇಂಗ್ಲಿಷಿನ ಬಲದಿಂದ ಎಂಟು ಬಾರಿ ಹೊರದೇಶ ಕಂಡ, 1871ರ ಪ್ಯಾರಿಸ್ ಕಮ್ಯೂನಿನ ದಂಗೆಯನ್ನು ಕಣ್ಣಾರೆ ನೋಡಿ ದಿನಚರಿಯಲ್ಲಿ ಬರೆದಿಟ್ಟ, ಕಡೆಗೆ ಬ್ರಿಟನ್ನಿಗೆ ರಾಯಭಾರಿಯಾದ. ಆದರೂ ತಾನು ‘ನೇರದಾರಿ’ಯಲ್ಲಿ ಬಂದವನಲ್ಲ ಎಂಬ ಕೊರಗು ಅವನನ್ನು ಬಿಡಲಿಲ್ಲ.

ಅವನ ಬದುಕಿನ ವಿಚಿತ್ರ ಗಳಿಗೆ ಬಂದದ್ದು 1891ರ ಕೊನೆಗೆ. ಇಪ್ಪತ್ತರ ಹರೆಯದ ಗ್ವಾಂಗ್ಶು ಚಕ್ರವರ್ತಿಗೆ ಇಂಗ್ಲಿಷ್ ಕಲಿಯುವ ಮನಸ್ಸಾಗಿ, ಝಾಂಗ್ ದೆಯಿ ಮತ್ತು ಅದೇ ಶಾಲೆಯ ಇನ್ನೊಬ್ಬ ಅರಮನೆಗೆ ಮೇಷ್ಟರಾಗಿ ಹೋದರು. ರಾಜಕುಮಾರರೂ ಮಂತ್ರಿಗಳೂ ಮೊಣಕಾಲೂರುವ ಆ ಸನ್ನಿಧಿಯಲ್ಲಿ ಮೇಷ್ಟರಿಗೆ ಮಾತ್ರ ಕೂರಲು ಅಪ್ಪಣೆ. ಶಾಲೆಯ ಮುಖ್ಯಸ್ಥ ಮಾರ್ಟಿನ್ ಬರೆದಿಟ್ಟಂತೆ, ಅರಸ ಕಲಿಯುತ್ತಾನೆಂದು ಗೊತ್ತಾದದ್ದೇ ತಡ, ದರಬಾರಿನ ದೊಡ್ಡವರೆಲ್ಲ ಇಂಗ್ಲಿಷ್ ಪುಸ್ತಕಕ್ಕೂ ಮೇಷ್ಟರಿಗೂ ಮುಗಿಬಿದ್ದರು. ಅರಸನ ಉತ್ಸಾಹ ಇಳಿದಂತೆ ಅವರದೂ ಇಳಿಯಿತು.

ಕನ್ನಡ ಓದುಗರಿಗೆ ಇಲ್ಲಿಂದ ಮುಂದಿನ ಭಾಗ ಕೊಂಚ ಪರಿಚಿತ ಅನ್ನಿಸೀತು. 1897ರಲ್ಲಿ ಶಾಂಘೈನಲ್ಲಿ ಕೆಲವು ಮುದ್ರಣ ಕೆಲಸಗಾರರು ಸೇರಿ ಕಮರ್ಷಿಯಲ್ ಪ್ರೆಸ್ ಎಂಬ ಚಿಕ್ಕ ಅಚ್ಚುಕೂಟ ಹೂಡಿದರು. ಮಾರನೆಯ ವರ್ಷ ಅವರ ಕೈಹಿಡಿದ ಪುಸ್ತಕ ಒಂದು ಇಂಗ್ಲಿಷ್ ಪ್ರೈಮರ್. ಅದು ಅವರು ಬರೆಸಿದ್ದಲ್ಲ. ಬ್ರಿಟಿಷರು ಭಾರತದ ಮಕ್ಕಳಿಗೆಂದು ಮಾಡಿಸಿದ್ದ ಪಾಠಪುಸ್ತಕಕ್ಕೆ ಕ್ರೈಸ್ತ ವಿದ್ವಾಂಸ ಶ್ಯೆ ಹೊಂಗ್ಲಾಯ್ ಚೀನೀ ಅರ್ಥ, ಟಿಪ್ಪಣಿ ಸೇರಿಸಿಕೊಟ್ಟಿದ್ದ, ಅಷ್ಟೆ. ನಮ್ಮ ಮಕ್ಕಳಿಗೆಂದು ಹೊಲಿದ ಅಂಗಿ ಶಾಂಘೈನ ಹುಡುಗರ ಮೈಗೂ ಕೂತಿತು. ಅಚ್ಚುಕೂಟ ಆ ಸರಣಿಯ ಮುಂದಿನ ಪುಸ್ತಕಗಳನ್ನೂ ತಂದಿತು, ಮುಂದೆ ಚೀನಾದ ಅತಿ ದೊಡ್ಡ ಪ್ರಕಾಶನವಾಯಿತು.

ಪ್ರೈಮರ್ ದಾಟಿದವನಿಗೆ ವ್ಯಾಕರಣ. ಅಲ್ಲೂ ಕಾದಿದ್ದದ್ದು ಭಾರತದ ಸರಕೇ: ನೆಸ್‌ಫೀಲ್ಡ್! ನಮ್ಮ ಅಜ್ಜ, ಮುತ್ತಜ್ಜಂದಿರ ಹೈಸ್ಕೂಲನ್ನು ಕಾಡಿದ ಅದೇ ನೆಸ್‌ಫೀಲ್ಡ್ ಗ್ರಾಮರ್. ಉತ್ತರ ಭಾರತದಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದ ಜಾನ್ ಕಾಲಿನ್ಸನ್ ನೆಸ್‌ಫೀಲ್ಡ್ ಇಲ್ಲಿನ ಶಾಲೆಗಳಿಗಾಗಿ ಬರೆದ ನಾಲ್ಕು ಭಾಗಗಳ ಸರಣಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಚೀನಾದಲ್ಲೂ ಮನೆಮಾತಾಯಿತು. ಅಲ್ಲಿ ಅದರ ಹೆಸರು ‘ನಾ ಶ ವೆನ್‌ಫಾ’, ಅಂದರೆ ನಾ ಮನೆತನದವನ ವ್ಯಾಕರಣ. ನೆಸ್‌ಫೀಲ್ಡನ ಹೆಸರಿನ ಮೊದಲ ಅಕ್ಷರವೇ ಅಲ್ಲಿ ಅವನ ಕುಲನಾಮವಾಗಿಹೋಗಿತ್ತು.

ವ್ಯಾಕರಣವೆಂಬ ವಸ್ತುವೇ ಚೀನೀಯರಿಗೆ ಹೊಸತು ಎಂಬುದನ್ನು ಕೇಶಿರಾಜನ ನಾಡಿನವರು ನಂಬುವುದು ಕಷ್ಟ. ಶಬ್ದಮಣಿದರ್ಪಣ ಹದಿಮೂರನೇ ಶತಮಾನದ್ದು. ವಿಭಕ್ತಿ, ಲಿಂಗ, ವಚನ ನಮಗೆ ಇಂಗ್ಲಿಷ್ ಬರುವ ಮೊದಲೇ ಗೊತ್ತು. ಚೀನೀಯರಲ್ಲಿ ನಿಘಂಟುಗಳಿದ್ದವು, ಪ್ರಾಸಕೋಶಗಳಿದ್ದವು, ಅಕ್ಷರಶಾಸ್ತ್ರವಿತ್ತು. ಪದಗಳನ್ನು ನಾಮ, ಕ್ರಿಯೆ ಎಂದು ವಿಂಗಡಿಸಿ ವಾಕ್ಯ ಬಿಡಿಸುವ ಶಾಸ್ತ್ರ ಮಾತ್ರ ಬೆಳೆದಿರಲಿಲ್ಲ. ರೂಪ ಬದಲಾಗದ ಪದಗಳ ಭಾಷೆಗೆ ಅದರ ತುರ್ತೂ ಇರಲಿಲ್ಲ ಎನ್ನಬೇಕು. ಪಾಶ್ಚಾತ್ಯ ಮಾದರಿಯಲ್ಲಿ ಚೀನೀಯನೊಬ್ಬ ತನ್ನ ಭಾಷೆಗೆ ಬರೆದ ಮೊದಲ ವ್ಯಾಕರಣ, ಮಾ ಜಿಯಾನ್‌ಝೊಂಗ್‌ನದು, ಬಂದದ್ದು 1898ರಲ್ಲಿ. ಆತ ‘ಗ್ರಾಮರ್’ ಪದವನ್ನೂ ‘ಗ-ಲಾಂಗ್-ಮಾ’ ಎಂದು ಸದ್ದಿನಿಂದಲೇ ಬರೆದ. ಬೀದಿಯ ಕೂಲಿಯ ಉಪಾಯವೇ ಪಂಡಿತನಿಗೂ ಒದಗಿತು. 1904ರಲ್ಲಿ ಪ್ರಸಿದ್ಧ ಅನುವಾದಕ ಯಾನ್ ಫು ಇಂಗ್ಲಿಷ್ ವ್ಯಾಕರಣವನ್ನು ಚೀನೀಯಲ್ಲಿ ವಿವರಿಸಿ ಪುಸ್ತಕ ತಂದಾಗ ಇನ್ನೊಂದು ತೊಡಕು: ಚೀನೀ ಬರಹ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಇಂಗ್ಲಿಷ್ ಉದಾಹರಣೆ ಅಡ್ಡಕ್ಕೆ ಓಡುತ್ತದೆ. ಕಡೆಗೆ ಇಡೀ ಪುಸ್ತಕವನ್ನೇ ಅಡ್ಡಸಾಲಿನಲ್ಲಿ, ಪಾಶ್ಚಾತ್ಯ ಲೇಖನಚಿಹ್ನೆಗಳೊಂದಿಗೆ ಅಚ್ಚು ಮಾಡಿದರು. ಹಾಗೆ ಅಚ್ಚಾದ ಮೊದಲ ಚೀನೀ ಪುಸ್ತಕವೆಂದು ಅದನ್ನು ಗುರುತಿಸುತ್ತಾರೆ.

ಅಭ್ಯಾಸ ಮಾಡುವ ಹುಡುಗನಿಗೆ ಎಡವುಗಲ್ಲುಗಳು ಬೇರೆ. ನಿನ್ನೆ ಹೋದದ್ದಕ್ಕೂ ನಾಳೆ ಹೋಗುವುದಕ್ಕೂ ಚೀನೀಯಲ್ಲಿ ಕ್ರಿಯಾಪದ ಒಂದೇ. ಕಾಲವನ್ನು ‘ನಿನ್ನೆ’, ‘ನಾಳೆ’ಗಳೇ ಹೇಳುತ್ತವೆ, ಕೆಲಸ ಮುಗಿದಿದ್ದರೆ ಪುಟ್ಟದೊಂದು ಬಾಲ ಸೇರುತ್ತದೆ. ಹಾಗಿರುವಾಗ ‘ಗೋ’, ‘ವೆಂಟ್’, ‘ಗಾನ್’ ಎಂಬ ಮೂರು ಮುಖಗಳನ್ನು ನೆನಪಿಡುವುದು ಶಿಕ್ಷೆಯೇ. ಕ್ರಿಯಾಪದದ ಬಾಲದಲ್ಲಿ ಕಾಲ, ಲಿಂಗ, ವಚನ ಎಲ್ಲವನ್ನೂ ಹೊತ್ತೇ ಮಾತಾಡುವ ಕನ್ನಡಿಗನಿಗೆ ಈ ಕಷ್ಟ ಅರ್ಥವಾಗದು. ‘ಎ’, ‘ದಿ’ಗಳ ಮುಂದೆ ಮಾತ್ರ ಇಬ್ಬರೂ ಸಮಾನ ದುಃಖಿಗಳು. ಮತ್ತೊಂದು ಕಡೆಯೂ ಇಬ್ಬರೂ ಒಂದೇ ಕಲ್ಲಿಗೆ ಎಡವುತ್ತಾರೆ. ‘ನಿನ್ನೆ ಬಂದ ಹುಡುಗ’ ಎಂದು ನಾವು ವಿವರವನ್ನೆಲ್ಲ ಮುಂದಿಟ್ಟು ಹುಡುಗನನ್ನು ಕೊನೆಗೆ ತರುತ್ತೇವೆ. ಚೀನೀಯರದೂ ಅದೇ ಕ್ರಮ. ಇಂಗ್ಲಿಷ್ ಮೊದಲು ಹುಡುಗನನ್ನು ನಿಲ್ಲಿಸಿ, ಅವನ ಬಾಲಕ್ಕೆ ಚರಿತ್ರೆ ಕಟ್ಟುತ್ತದೆ. ಉದ್ದ ವಾಕ್ಯ ಓದುವಾಗ ಚೀನೀ ವಿದ್ಯಾರ್ಥಿಯ ಉಸಿರು ಕಟ್ಟುವುದು ಇಲ್ಲಿಯೇ.

ಈ ಅಭ್ಯಾಸ ಒಮ್ಮೆ ಚೀನೀ ಲಿಪಿಯನ್ನೇ ತಿದ್ದಿತು. ಅವನು, ಅವಳು, ಅದು, ಮೂರಕ್ಕೂ ಅಲ್ಲಿ ಸದ್ದು ‘ತಾ’. ಇಂಗ್ಲಿಷಿನ ‘ಶಿ’ಯನ್ನು ಬರಹದಲ್ಲಿ ತೋರಿಸುವುದು ಹೇಗೆ ಎಂದು ಅನುವಾದಕರು ತಲೆಕೆಡಿಸಿಕೊಂಡಿದ್ದಾಗ, ಕವಿ ಲಿಯು ಬಾನ್‌ನೊಂಗ್ 1920ರ ಸುಮಾರಿಗೆ ‘ಮನುಷ್ಯ’ ಚಿಹ್ನೆಯ ಜಾಗದಲ್ಲಿ ‘ಹೆಣ್ಣು’ ಚಿಹ್ನೆಯಿರುವ ಅಕ್ಷರವನ್ನು ‘ಅವಳು’ಗೆ ಸೂಚಿಸಿದ. ಹಾಗಾದರೆ ಹೆಣ್ಣು ಮನುಷ್ಯಳಲ್ಲವೇ ಎಂದು ಕೆಲವು ಮಹಿಳೆಯರು ತಿರುಗಿಬಿದ್ದದ್ದೂ ಉಂಟು. ಅಕ್ಷರ ಉಳಿಯಿತು. ಕಿವಿಗೆ ಮಾತ್ರ ಇನ್ನೂ ವ್ಯತ್ಯಾಸವಿಲ್ಲದ್ದರಿಂದ, ಚೆನ್ನಾಗಿ ಇಂಗ್ಲಿಷ್ ಬಲ್ಲ ಚೀನೀಯನೂ ಮಾತಿನ ಭರದಲ್ಲಿ ಹೆಂಡತಿಯನ್ನು ‘ಹಿ’ ಅಂದುಬಿಡುತ್ತಾನೆ.

ಪಠ್ಯಪುಸ್ತಕ ಬರೆದು ಶ್ರೀಮಂತರಾದವರೂ ಇದ್ದಾರೆ. ಲಿನ್ ಯುಟಾಂಗ್ 1928ರಿಂದ ತಂದ ಕೈಮಿಂಗ್ ಇಂಗ್ಲಿಷ್ ವಾಚಿಕೆಗಳಿಗೆ ಚಿತ್ರ ಬರೆದವನು ಫೆಂಗ್ ಝಿಕಾಯ್. ರಾಯಧನ ಎಷ್ಟು ಬಂತೆಂದರೆ ಲಿನ್‌ಗೆ ‘ರಾಯಧನದ ರಾಜ’ ಎಂಬ ಅಡ್ಡಹೆಸರೇ ಬಿತ್ತು.

1949ರ ನಂತರ ಗಾಳಿ ತಿರುಗಿ ರಷ್ಯನ್ ಭಾಷೆಯ ಕಾಲ ಬಂತು. ಮಾಸ್ಕೋದೊಂದಿಗೆ ವಿರಸವಾದ ಮೇಲೆ 1964ರಲ್ಲಿ ಇಂಗ್ಲಿಷೇ ಮೊದಲ ವಿದೇಶಿ ಭಾಷೆ ಎಂಬ ಯೋಜನೆ ಸಿದ್ಧವಾಯಿತು. ಎರಡೇ ವರ್ಷಕ್ಕೆ ಸಾಂಸ್ಕೃತಿಕ ಕ್ರಾಂತಿ. ಶಾಲೆ ಮತ್ತೆ ತೆರೆದಾಗ ಇಂಗ್ಲಿಷ್ ಪುಸ್ತಕದ ಮೊದಲ ಪಾಠ ಅಧ್ಯಕ್ಷ ಮಾವೋಗೆ ಜಯಕಾರ. 1973ರಲ್ಲಿ ಹೆನಾನ್ ಪ್ರಾಂತ್ಯದ ಹಳ್ಳಿಶಾಲೆಯೊಂದರ ಹುಡುಗಿ ಇಂಗ್ಲಿಷ್ ಪರೀಕ್ಷೆಗೆ ಉತ್ತರ ಬರೆಯದೆ, ಚೀನೀಯಳಾದ ನನಗೆ ಇದೇಕೆ ಎಂಬ ಅರ್ಥದ ಪದ್ಯ ಗೀಚಿದಳು. ಎಲ್ಲರೆದುರು ಬೈಸಿಕೊಂಡ ಮೇಲೆ ನೀರಿಗೆ ಬಿದ್ದು ಪ್ರಾಣ ಬಿಟ್ಟಳು. ಅವಳ ಸಾವನ್ನು ಆಳುವವರ ಒಂದು ಗುಂಪು ರಾಜಕೀಯದ ಆಯುಧ ಮಾಡಿಕೊಂಡಿತು.

1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮರಳಿತು. ಆರು ವರ್ಷ ಕಳೆಯುವಷ್ಟರಲ್ಲಿ ಅದರ ಮೊತ್ತಕ್ಕೆ ಇಂಗ್ಲಿಷಿನ ಅಂಕಗಳೂ ಪೂರ್ತಿ ಸೇರತೊಡಗಿದವು. 1982ರಲ್ಲಿ ಬಿಬಿಸಿಯ ‘ಫಾಲೋ ಮಿ’ ಪಾಠಗಳು ಟೀವಿಯಲ್ಲಿ ಬಂದಾಗ ನಿರೂಪಕಿ ಕ್ಯಾಥಿ ಫ್ಲವರ್ ಚೀನಾದ ಮನೆಮನೆಗೂ ಗೊತ್ತಾದರು. ಅದಕ್ಕೂ ಮೊದಲೇ ಶಾಂಘೈನ ಉದ್ಯಾನದಲ್ಲಿ ಅಪರಿಚಿತರು ನೆರೆದು ಹರಕುಮುರುಕು ಇಂಗ್ಲಿಷ್ ಮಾತಾಡುವ ‘ಇಂಗ್ಲಿಷ್ ಕಾರ್ನರ್’ ಶುರುವಾಗಿತ್ತು. ಉಳಿದವರು ನಿಯಮ ಬಲ್ಲರು, ಸಾವಿರ ಪದ ಬಲ್ಲರು, ಬಾಯಿ ಬಿಡರು. ಅಲ್ಲಿನವರೇ ಇದಕ್ಕೆ ‘ಮೂಗರ ಇಂಗ್ಲಿಷ್’ ಎಂದು ಹೆಸರಿಟ್ಟಿದ್ದಾರೆ. ತೊಂಬತ್ತರ ದಶಕದ ಪಠ್ಯದಲ್ಲಿ ಲಿ ಲೇಯ್, ಹಾನ್ ಮೇಯ್‌ಮೇಯ್ ಎಂಬ ಹುಡುಗ, ಹುಡುಗಿ ಬರುತ್ತಿದ್ದರು. ಅದನ್ನು ಓದಿ ಬೆಳೆದವರು ನಡುವಯಸ್ಸಿನಲ್ಲೂ ಅವರಿಬ್ಬರ ಮದುವೆಯಾಯಿತೇ ಎಂದು ಚರ್ಚಿಸಿದ್ದಾರೆ. ಆ ಕಾಲದವರ ಒಂದು ನಗೆಹನಿ: ಅಮೆರಿಕದಲ್ಲಿ ಕಾರು ಅಪಘಾತವಾಗಿ ಕಂದಕಕ್ಕೆ ಬಿದ್ದ ಚೀನೀಯನನ್ನು ಪೊಲೀಸರು ಹೇಗಿದ್ದೀರಿ ಎಂದು ಕೂಗಿ ಕೇಳುತ್ತಾರೆ. ಕಂದಕದಿಂದ ಶಾಲೆಯ ಬಾಯಿಪಾಠ ತಾನಾಗಿ ಹೊರಡುತ್ತದೆ: ನಾನು ಚೆನ್ನಾಗಿದ್ದೇನೆ, ಧನ್ಯವಾದ, ನೀವು?

ಕಾಲೇಜಿನವರಿಗೆ 1987ರಿಂದ ಬೇರೆಯದೇ ರಾಷ್ಟ್ರೀಯ ಪರೀಕ್ಷೆ. ಅದರ ಬೆನ್ನಿಗೇ ಸಾವಿರಾರು ಪದಗಳ ಬಾಯಿಪಾಠದ ಪುಸ್ತಕಗಳು ಬಂದವು. ಅಕಾರಾದಿಯಾಗಿ ಜೋಡಿಸಿದ ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಎದುರಾಗುವ ಪದ ‘ಅಬ್ಯಾಂಡನ್’, ಕೈಬಿಡು. ಪ್ರತಿ ರಜೆಯಲ್ಲೂ ಹೊಸ ಉತ್ಸಾಹದಿಂದ ಪುಸ್ತಕ ತೆರೆದು, ಆ ಪದ ಕಲಿತು, ಅದರ ಮಾತಿನಂತೆಯೇ ನಡೆದುಕೊಂಡೆವು ಎಂದು ವಿದ್ಯಾರ್ಥಿಗಳು ನಗುತ್ತಾರೆ. ಪ್ರಕಾಶಕರಿಗೂ ಇದು ತಿಳಿಯದ ಸಂಗತಿಯಲ್ಲ. ಈಗ ಅಂಗಡಿಯಲ್ಲಿ ಅದೇ ಪದಗಳನ್ನು ಇಸ್ಪೀಟಿನಂತೆ ಕಲಸಿ, ಹಿಂದುಮುಂದು ಮಾಡಿದ ‘ಕಲಸು ಆವೃತ್ತಿ’ಗಳೂ ಮಾರಾಟಕ್ಕಿವೆ.